ಬಾಯಾರಿಕೆಗೆ ಕಾವಲು

18 ಜೂನ್ 1991, ಮಂಗಳವಾರ, ಬೆಳಿಗ್ಗೆ

ತೂಕ ಮತ್ತೆ ಏರಿದೆ. ರೇಷ್ಮೆ ಗೂಡು ತೂಗುವ ಯಂತ್ರದ ಮೇಲೆ ಇವರನ್ನು ನಿಲ್ಲಿಸಿ ನೋಡಿದೆ. ಶುಕ್ರವಾರ ಆಸ್ಪತ್ರೆಯಿಂದ ಬಂದಾಗ ಇದ್ದುದಕ್ಕಿಂತ ಮೂರೂವರೆ ಕೆಜಿ ಜಾಸ್ತಿ. ಅನ್ನ ತಿಂದು ಇಷ್ಟು ಏರುವುದಿಲ್ಲ. ನೀರು. ಬರೀ ನೀರು.

"ಹರಾಜಿಗೆ ಹಾಕ್ತೀಯೇನೇ ನನ್ನ?" ಅಂದರು. ನಾನು ನಗಲಿಲ್ಲ.

ನಾನು ಕೊಡುವುದು ದಿನಕ್ಕೆ ಒಂದು ಸಣ್ಣ ಚೊಂಬು. ಟೀ, ಸಾರು, ಮಾತ್ರೆ ನುಂಗುವ ಗುಟುಕು — ಎಲ್ಲ ಅದರಲ್ಲೇ. ತರಕಾರಿ ಕೂಡ ಎರಡು ಸಲ ಬೇಯಿಸಿ ನೀರು ಬಸಿದು ಹಾಕುತ್ತೇನೆ. ಹಾಗಿದ್ದ ಮೇಲೆ ಇದು ಎಲ್ಲಿಂದ ಬಂತು? ಯಾರೋ ಕೊಡುತ್ತಿದ್ದಾರೆ. ಮನೆಯಲ್ಲಿ ಇರುವುದು ಇವರು, ನಾನು, ಇವರ ತಾಯಿ — ಅಮ್ಮಿ. ಮೂರೇ ಜನ. ನಾನಂತೂ ಅಲ್ಲ.

ಕಲಂದರ್ ಬಂದ. ನಮ್ಮ ಶೆಡ್ಡಿನಲ್ಲಿ ಗೂಡಿನಿಂದ ನೂಲು ಬಿಚ್ಚುವವನು, ಇವರ ಜೊತೆ ಹತ್ತು ವರ್ಷದಿಂದ ಇದ್ದಾನೆ. ಮಂಗಳವಾರದ ಡಯಾಲಿಸಿಸ್‌ಗೆ ಅವನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾನೆ, ಶುಕ್ರವಾರ ನಾನು. "ದಾರೀಲಿ ಏನೂ ಕುಡಿಸಬೇಡ" ಅಂದೆ. "ಏನಕ್ಕಾ, ನನ್ಮೇಲೂ ಡೌಟಾ?" ಅಂದ.

ಹೌದು. ಎಲ್ಲರ ಮೇಲೂ.

ಸ್ಕೂಲಿಗೆ ಲೇಟು.

21 ಜೂನ್, ಶುಕ್ರವಾರ, ಸಂಜೆ

ಡಾಕ್ಟರು ಇವತ್ತು ಬೈದರು. ಇವರನ್ನಲ್ಲ, ನನ್ನನ್ನು.

"ನೀವು ಸೈನ್ಸ್ ಟೀಚರು ತಾನೇ? ಎರಡು ಕಿಡ್ನಿನೂ ನಿಂತುಹೋಗಿವೆ. ಒಳಗೆ ಹೋದದ್ದು ಹೊರಗೆ ಬರೋಕೆ ಈ ಮಿಷನ್ ಬಿಟ್ರೆ ಬೇರೆ ದಾರಿ ಇಲ್ಲ. ಹೀಗೇ ಕುಡೀತಾ ಹೋದ್ರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ. ಕೂತಲ್ಲೇ ಮುಳುಗ್ತಾರೆ. ಯಾರು ಕೊಡ್ತಿದಾರೆ ನೋಡಿ."

ನೋಡುತ್ತೇನೆ.

ಮಿಷನ್ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಕೈಯಿಂದ ರಕ್ತ ಒಂದು ನಳಿಗೆಯಲ್ಲಿ ಹೊರಗೆ, ಇನ್ನೊಂದರಲ್ಲಿ ಒಳಗೆ. ನಡುವೆ ತೆಳುವಾದ ಪೊರೆ — ಈಚೆ ರಕ್ತ, ಆಚೆ ಔಷಧಿ ನೀರು. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಬೋರ್ಡಿನ ಮೇಲೆ ಎಷ್ಟು ವರ್ಷ ಬಾಣದ ಗುರುತು ಹಾಕಿ ಇದನ್ನು ಹೇಳಿಕೊಟ್ಟಿದ್ದೇನೆ. ಆ ಬಾಣದ ತುದಿಯಲ್ಲಿ ನನ್ನ ಗಂಡ ಮಲಗಿರುತ್ತಾರೆ ಅಂದುಕೊಂಡಿರಲಿಲ್ಲ.

ಬಸ್ಸಿನಲ್ಲಿ ಇವರು ನಿದ್ದೆ. ದೇವನಹಳ್ಳಿ ದಾಟಿದ ಮೇಲೆ ಕಣ್ಣು ಬಿಟ್ಟು, "ಷಮೀಮ್, ಒಂದು ಐಸ್ ತುಂಡು" ಅಂದರು. ಆಗಲ್ಲ ಅಂದೆ. ಆ ಕಡೆ ತಿರುಗಿಕೊಂಡರು. ಊರಿಗೇ ಯಜಮಾನ ಅನ್ನುವ ಹಾಗೆ ಮಾರುಕಟ್ಟೆಯಲ್ಲಿ ಗೂಡಿಗೆ ಹರಾಜು ಕೂಗುತ್ತಿದ್ದ ಮನುಷ್ಯ.

26 ಜೂನ್, ಬುಧವಾರ

ಹತ್ತನೇ ಕ್ಲಾಸಿಗೆ ಗೌರಿ ಹೂವಿನ ಗಿಡ ತರಿಸಿದ್ದೆ. ಬೇರು ತೊಳೆದು ಕೆಂಪು ಇಂಕಿನ ನೀರಿನಲ್ಲಿ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ದಂಟಿನೊಳಗೆ ಕೆಂಪು ಗೆರೆಗಳು, ಎಲೆಯ ನರದವರೆಗೆ. ಹುಡುಗಿಯರು ಬಗ್ಗಿ ಬಗ್ಗಿ ನೋಡಿದರು. ಪಂಪಿಲ್ಲ, ಹೃದಯವಿಲ್ಲ. ಎಲೆ ಮೇಲಿಂದ ಆವಿ ಬಿಡುತ್ತದೆ, ಕೆಳಗಿಂದ ನೀರು ಎಳೆದುಕೊಳ್ಳುತ್ತದೆ. ಬಿಸಿಲು ಜಾಸ್ತಿಯಾದರೆ ಎಲೆಯ ಸಣ್ಣ ಬಾಯಿಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಒಬ್ಬಳು ಕೇಳಿದಳು: "ಟೀಚರ್, ಗಿಡಕ್ಕೂ ಕಿಡ್ನಿ ಇರುತ್ತಾ?"

ಇಲ್ಲಮ್ಮ. ಬೇಡದ್ದನ್ನ ಹಳೇ ಎಲೆಗೆ ತುಂಬಿ ಉದುರಿಸಿಬಿಡುತ್ತೆ.

ಪಾಠ ಅಲ್ಲಿಗೇ ನಿಲ್ಲಿಸಿದೆ.

ಮನೆಗೆ ಬಂದರೆ ಅಮ್ಮಿಯ ಕೋಣೆಯ ಹೂಜಿ ಖಾಲಿ. ಬೆಳಿಗ್ಗೆ ನಾನೇ ತುಂಬಿದ್ದೆ. ಐವತ್ತೈದು ದಾಟಿದ ಹೆಂಗಸು, ಇಡೀ ದಿನ ನೆರಳಲ್ಲಿ ಇರುವವರು, ಅಷ್ಟು ನೀರು ಒಬ್ಬರೇ ಕುಡಿದರಾ? ಕೇಳಿದೆ. "ಸೆಕೆ" ಅಂದರು. ಮುಖ ನೋಡದೆ ಅಂದರು.

28 ಜೂನ್, ಶುಕ್ರವಾರ

ಅಮ್ಮಿ ನೀರು ಕುಡಿಯುವುದನ್ನು ಇವತ್ತು ಕಣ್ಣಾರೆ ನೋಡಿದೆ. ಬಾಗಿಲ ಹಿಂದೆ ನಿಂತು, ಲೋಟದ ಮೇಲೆ ಲೋಟ. ನಾನು ಕಂಡ ಕೂಡಲೇ ಲೋಟ ಸೆರಗಿನಲ್ಲಿ ಮುಚ್ಚಿದರು. ಕುಡಿಯುವವರು ಯಾಕೆ ಮುಚ್ಚಬೇಕು? ತಾವು ಸ್ವಲ್ಪ ಕುಡಿದು, ಮಿಕ್ಕಿದ್ದು ಮಗನಿಗೆ...

ಅಮ್ಮಿಯ ತೌರು ಅಲೀಪುರ. ಮೊಹರಂ ಬಂದರೆ ಕರ್ಬಲಾದ ಯುದ್ಧದಲ್ಲಿ ನೀರು ಸಿಗದ ಮಕ್ಕಳ ಬಾಯಾರಿಕೆ ನೆನೆದು ಅಳುತ್ತಾ, ದಾರಿಯಲ್ಲಿ ಹೋಗುವವರಿಗೆಲ್ಲ ನೀರು, ಷರಬತ್ತು ಕೊಡುವ ಮನೆತನ. ಅಂಥ ಹೆಂಗಸಿನ ಮನೆಯಲ್ಲಿ ಸೊಸೆ ನೀರಿಗೆ ಬೀಗ ಹಾಕಿದ್ದಾಳೆ. ಅವರು ಕೊಡದೆ ಇರುತ್ತಾರಾ? ನಾನಾಗಿದ್ದರೂ...

ಇಲ್ಲ. ನಾನು ಕೊಡುವುದಿಲ್ಲ.

1 ಜುಲೈ, ಸೋಮವಾರ

ಹಮೀದಾ ಆಪಾ ಚಿಂತಾಮಣಿಯಿಂದ ಬಂದಿದ್ದರು — ಇವರ ಅಕ್ಕ. ಕಳೆದ ಒಂದು ತಿಂಗಳಲ್ಲಿ ಅವರು ಬರುತ್ತಿರುವುದು ಇದೇ ಮೊದಲಲ್ಲ. ತಾಯಿ ಮಗಳು ಕೋಣೆಯಲ್ಲಿ ಗುಸುಗುಸು. ನಾನು ಟೀ ತಂದ ಕೂಡಲೇ ಮಾತು ನಿಂತಿತು. ಆಪಾ ಹಲಸಿನ ಹಣ್ಣಿನ ರೇಟು ಹೇಳತೊಡಗಿದರು.

ಹೊರಡುವಾಗ ಬಾಗಿಲಲ್ಲಿ ನಿಂತು, "ಷಮೀಮ್, ನಿನ್ನ ಬ್ಲಡ್ ಗ್ರೂಪ್ ಯಾವುದು?" ಅಂದರು. ಸುಮ್ಮನೆ ಕೇಳಿದ ಹಾಗೆ.

"ಬಿ. ಯಾಕೆ?"

"ಏನಿಲ್ಲಮ್ಮ. ತಮ್ಮನದು ಓ ಅಲ್ವಾ, ಅದಕ್ಕೆ."

ಏನಿಲ್ಲ ಅಂತೆ! ಡಾಕ್ಟರು ಯುಗಾದಿ ಹೊತ್ತಿಗೇ ಹೇಳಿದ್ದರು: ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಇವರು ಮಾಮೂಲಿನ ಹಾಗೆ ಬದುಕಬಹುದು. ಇವರು ಅವತ್ತೇ "ಯಾರ ಹೊಟ್ಟೇನೂ ಕುಯ್ಯಿಸಲ್ಲ" ಅಂದು ಮಾತು ಮುಗಿಸಿದ್ದರು. ಈಗ ತಾಯಿ ಮಗಳು ನನ್ನ ಹೊಟ್ಟೆಯ ಲೆಕ್ಕ ಹಾಕುತ್ತಿದ್ದಾರೆ. ಮಕ್ಕಳಿಲ್ಲದ ಸೊಸೆ. ಯಾರು ಕೇಳುತ್ತಾರೆ?

ಕೇಳಿದರೆ ಕೊಡುತ್ತೇನಾ? ಕೊಡುತ್ತೇನೆ ಅಂತ ತಕ್ಷಣ ಬರೆಯಬೇಕಿತ್ತು. ಪೆನ್ನು ನಿಂತಿತು. ಬಿ ಇಂದ ಓಗೆ ಆಗುವುದಿಲ್ಲ ಅಂತ ಪುಸ್ತಕ ತೆಗೆದು ನೋಡಿದೆ. ನಿಟ್ಟುಸಿರು ಬಂತು. ಆಮೇಲೆ ಆ ನಿಟ್ಟುಸಿರಿಗೆ ನಾಚಿಕೆಯಾಯಿತು.

9 ಜುಲೈ, ಮಂಗಳವಾರ

ಇವರು, ಕಲಂದರ್ ಬೆಂಗಳೂರಿಗೆ ಹೋಗಿದ್ದಾರೆ. ತೂಕ ಇವತ್ತೂ ಜಾಸ್ತಿ. ಕಣ್ಣಿನ ಕೆಳಗೆ ಊತ.

ಸ್ಕೂಲಿನಿಂದ ಬಂದು ಅಮ್ಮಿಯ ಕೋಣೆ ಗುಡಿಸಿದೆ. ಗುಡಿಸುವ ನೆಪ, ಅಷ್ಟೇ. ಮಂಚದ ಕೆಳಗೆ ಮೂಲೆಯಲ್ಲಿ ಹಳೇ ದುಪ್ಪಟ್ಟಾದಲ್ಲಿ ಸುತ್ತಿದ ಬಿಳೀ ಪ್ಲಾಸ್ಟಿಕ್ ಕ್ಯಾನು. ಎತ್ತಿದರೆ ಭಾರ. ಒಳಗೆ ಕುಲುಕುವ ಸದ್ದು.

ಸಿಕ್ಕಿತು.

ಮುಚ್ಚಳಕ್ಕೆ ಕೈ ಹಾಕುವುದರೊಳಗೆ ಅಮ್ಮಿ ಬಂದರು. ಅಷ್ಟು ಬೇಗ ನಡೆದದ್ದನ್ನು ನಾನು ನೋಡಿಲ್ಲ. ಕೈಯಿಂದ ಕಿತ್ತುಕೊಂಡರು.

"ಮುಟ್ಬೇಡ ಅದನ್ನ."

"ಏನಮ್ಮಿ ಅದರಲ್ಲಿ?"

"ನಿನಗೆ ಬೇಕಾದ್ದಲ್ಲ."

"ಯಾರಿಗೆ ಬೇಕಾದ್ದು ಅಂತ ನಂಗೊತ್ತು. ನಾನು ಸ್ಕೂಲಿಗೆ ಹೋದ ಮೇಲೆ ಮಗನಿಗೆ ಕುಡಿಸ್ತೀರ. ಪ್ರೀತಿಯಿಂದ ಕೊಲ್ತಿದೀರ ಅವರನ್ನ. ಕದ್ದು ಕೊಲ್ತಿದೀರ."

ಅಮ್ಮಿಯ ಮುಖ ಸುಣ್ಣದ ಗೋಡೆ. ಕ್ಯಾನನ್ನು ಎದೆಗೆ ಅವುಚಿಕೊಂಡು ನಿಂತಿದ್ದರು.

"ನಾನು ಕಳ್ಳಿ ಅಂತೀಯ?"

"ಮತ್ತಿನ್ನೇನು?"

ಕ್ಯಾನು ಬಿಡದೆ ಮಂಚದ ಮೇಲೆ ಕೂತರು. ತಪ್ಪಿಲ್ಲದವರು ಸುಮ್ಮನಿರುತ್ತಾರಾ?

11 ಜುಲೈ, ಗುರುವಾರ

ನಿನ್ನೆ ಬೆಳಿಗ್ಗೆ ಆಪಾ ಬಂದು ಒಂದು ಭಾರದ ಬ್ಯಾಗು ಹಿಡಿದು ಹೊರಟರು, ಟೀ ಕೂಡ ಕುಡಿಯದೆ. ಕ್ಯಾನು ಹೋಯಿತು. ಸಾಕ್ಷಿ ಹೋಯಿತು.

ಇವತ್ತು ಅಮ್ಮಿ ಹೋದರು. ಮೊಹರಂಗೆ ಪ್ರತಿ ವರ್ಷ ಅಲೀಪುರಕ್ಕೆ ಹೋಗುತ್ತಾರೆ, ನಿಜ. ಆದರೆ ಪೆಟ್ಟಿಗೆ ಪೂರ್ತಿ ತುಂಬಿಕೊಂಡು ಹೋಗುವುದಿಲ್ಲ. ಮಗನ ತಲೆ ಸವರಿದರು. ನನ್ನ ಕಡೆ ನೋಡಲಿಲ್ಲ.

ಇವರು ಕೇಳಿದರು: "ಅಮ್ಮಿಗೆ ಏನಂದೆ?"

"ಏನೂ ಇಲ್ಲ."

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಸಮಾಧಾನ. ಇವರು ಓದಿದ್ದು ಉರ್ದು ಸ್ಕೂಲಿನಲ್ಲಿ, ಕನ್ನಡ ಕೂಡಿಸಿ ಕೂಡಿಸಿ ಓದಬೇಕು. ಅಷ್ಟು ತಾಳ್ಮೆ ಈಗ ಇಲ್ಲ.

16 ಜುಲೈ, ಮಂಗಳವಾರ

ಅಮ್ಮಿ ಇಲ್ಲ. ಆಪಾ ಬಂದಿಲ್ಲ. ಅಡುಗೆಮನೆಗೆ ಬೀಗ, ಹೂಜಿ ಬೋರಲು.

ತೂಕ ನಾಲ್ಕು ಕೆಜಿ ಹೆಚ್ಚು.

ಯಂತ್ರವೇ ಕೆಟ್ಟಿದೆಯೇನೋ ಅಂತ ನಾನೇ ಹತ್ತಿ ನಿಂತೆ. ಕೆಟ್ಟಿಲ್ಲ.

ಹಾಗಾದರೆ ಅಮ್ಮಿ ಅಲ್ಲ. ಹಾಗಾದರೆ... ಕಲಂದರ್? ಅವನ ಹೆಂಡತಿ ಮಜ್ಜಿಗೆ ಕಳಿಸುತ್ತಾಳೆ ಶೆಡ್ಡಿಗೆ. ಕೇಳಿದೆ. ಕುರಾನ್ ಮೇಲೆ ಆಣೆ ಇಡುತ್ತೇನೆ ಅಂದ. ಆಣೆ ಬೇಡ ಅಂದೆ. ಅವನ ಕಣ್ಣಲ್ಲಿ ನೀರು. ನನಗೆ ಈಗ ಯಾರ ಕಣ್ಣೀರಿನ ಮೇಲೂ ನಂಬಿಕೆಯಿಲ್ಲ.

20 ಜುಲೈ, ಶನಿವಾರ, ಮಧ್ಯಾಹ್ನ

ಅರ್ಧ ದಿನದ ಸ್ಕೂಲು. ಹೇಳದೆ ನೇರ ಶೆಡ್ಡಿಗೆ ಹೋದೆ. ಹಿಂದಿನ ಬಾಗಿಲಿನಿಂದ.

ಒಳಗೆ ಹಬೆ. ಬೇಸಿನ್ನುಗಳಲ್ಲಿ ಗೂಡು ಬೇಯುತ್ತಿತ್ತು, ಆ ವಾಸನೆ. ಹೆಂಗಸರು ಊಟಕ್ಕೆ ಹೋಗಿದ್ದರು. ಇವರು ಒಬ್ಬರೇ, ತಣ್ಣೀರಿನ ತೊಟ್ಟಿಯ ಹತ್ತಿರ, ಗೋಡೆಗೆ ಒರಗಿ ಕೂತಿದ್ದರು. ಸೆಕೆಗೆ ತಲೆಗೆ ಸುತ್ತಿಕೊಳ್ಳುವ ಒದ್ದೆ ಟವೆಲು ಬಾಯಲ್ಲಿ. ಮಗು ಎದೆ ಹಾಲು ಕುಡಿಯುವ ಹಾಗೆ, ಕಣ್ಣು ಮುಚ್ಚಿ, ಹೀರುತ್ತಿದ್ದರು. ಹೀರಿ ಮುಗಿದ ಮೇಲೆ ತೊಟ್ಟಿಗೆ ಅದ್ದಿದರು. ಮತ್ತೆ ಬಾಯಿಗೆ.

ನಾನು ನಿಂತೇ ಇದ್ದೆ. ಕಣ್ಣು ಬಿಟ್ಟು ನನ್ನನ್ನು ಕಂಡರು. ಟವೆಲು ಕೆಳಗೆ ಇಳಿಸಲಿಲ್ಲ.

"ಯಾವತ್ತಿಂದ?"

"ಮೊದಲಿನಿಂದ."

"ಅಮ್ಮಿ ಕೊಡ್ತಿರ್ಲಿಲ್ವಾ?"

"ಅಮ್ಮೀನಾ? ಒಂದು ಹನಿ ಕೇಳಿದ್ರೆ ಎದ್ದು ಆಚೆ ಹೋಗಿಬಿಡೋರು. ಅತ್ಕೊಂಡು. ನಿನಗಿಂತ ಕಲ್ಲು ಕಣೇ ಅವರು."

ಆಮೇಲೆ ಮೆಲ್ಲಗೆ ಅಂದರು: "ಸುತ್ತ ನೀರೇ ನೀರು. ದಿನವೆಲ್ಲ ನೀರಲ್ಲಿ ಕೈ ಇರುತ್ತೆ. ನಾಲಿಗೆ ಮರದ ತುಂಡಾಗಿರುತ್ತೆ. ಒಂದು ದಿನ ನೀನು ಇದ್ದು ನೋಡು."

ಬೈಯಬೇಕೆಂದು ಹೋಗಿದ್ದೆ. ಪಕ್ಕದಲ್ಲಿ ಕೂತೆ. ಟವೆಲು ತೆಗೆದುಕೊಂಡು ಹಿಂಡಿದೆ.

ಅಮ್ಮಿಯನ್ನು ಕಳ್ಳಿ ಅಂದಿದ್ದೇನೆ.

ಆದರೆ ಆ ಕ್ಯಾನು? ಅದರಲ್ಲಿ ಏನಿತ್ತು ಮತ್ತೆ?

28 ಜುಲೈ, ಭಾನುವಾರ

ಮೊಹರಂ ಮುಗಿಯಲಿ ಅಂತ ಕಾದೆ. ಇವತ್ತು ಕ್ಷಮೆ ಕೇಳಲು ಅಲೀಪುರಕ್ಕೆ ಹೋದೆ. ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಗೌರಿಬಿದನೂರಿನ ಕಡೆಗೆ ಇನ್ನೊಂದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅಮ್ಮಿಯ ತಮ್ಮ ಅಮೀರ್ ಜಾನ್ ಮಾಮು ಇನ್ನೂ ಶೋಕದ ಕಪ್ಪು ಅಂಗಿಯಲ್ಲೇ ಇದ್ದರು. ನನ್ನನ್ನು ಕಂಡು ಗಾಬರಿ.

"ನಿಮ್ಮತ್ತೆ ಇಲ್ವಲ್ಲಮ್ಮ. ಹಮೀದಾ ಬಂದು ಕರ್ಕೊಂಡು ಹೋದಳು."

"ಎಲ್ಲಿಗೆ? ಚಿಂತಾಮಣಿಗಾ?"

"ಬೆಂಗ್ಳೂರಿಗೆ..." ಅಂದವರು ನಾಲಿಗೆ ಕಚ್ಚಿಕೊಂಡರು. "ನಂಗೇನೂ ಗೊತ್ತಿಲ್ಲಮ್ಮ. ಊಟ ಮಾಡು."

ಊಟ ಸೇರಲಿಲ್ಲ. ಬೆಂಗಳೂರಿನಲ್ಲಿ ಏನಿದೆ ತಾಯಿ ಮಗಳಿಗೆ? ಶೆಡ್ಡು ಮಾರುವುದಕ್ಕೆ ಗಿರಾಕಿ? ವಕೀಲರು? ನನ್ನನ್ನು ಹೊರಗಿಟ್ಟು ಏನೋ ನಡೆಯುತ್ತಿದೆ. ಒಂದು ತಪ್ಪು ಅನುಮಾನ ಮಾಡಿದೆ ಅಂತ ಎಲ್ಲ ಅನುಮಾನವೂ ತಪ್ಪಾಗಬೇಕಾ?

ಇವರಿಗೆ "ಅಮ್ಮಿ ಚೆನ್ನಾಗಿದಾರೆ" ಅಂದೆ. ಸುಳ್ಳು ಹೇಳುವುದು ಎಷ್ಟು ಸಲೀಸು.

2 ಆಗಸ್ಟ್, ಶುಕ್ರವಾರ

ಆದಷ್ಟು ಬರೆಯುತ್ತೇನೆ.

ಇವರನ್ನು ಮಿಷನ್ನಿಗೆ ಹಾಕಿದ ಮೇಲೆ ನರ್ಸ್ ಶ್ಯಾಮಲಮ್ಮ ನನ್ನನ್ನು ನೋಡಿ ನಕ್ಕರು. "ನಿಮ್ಮತ್ತೆ ಗಟ್ಟಿಗಿತ್ತಿ ಕಣ್ರೀ. ಎಲ್ಲಾ ಟೆಸ್ಟೂ ಪಾಸು."

"ಯಾವ ಟೆಸ್ಟು?"

ನಗು ನಿಂತಿತು. ಕೆಲಸದ ನೆಪ ಹೇಳಿ ಹೊರಟರು. ನಾನು ಬಿಡಲಿಲ್ಲ, ಬೆನ್ನು ಹತ್ತಿದೆ. ಮೇಲಿನ ಮಹಡಿ. ಎಕ್ಸ್-ರೇ ಕೋಣೆಯ ಹೊರಗೆ ಬೆಂಚಿನ ಮೇಲೆ ಅಮ್ಮಿ, ಪಕ್ಕದಲ್ಲಿ ಆಪಾ. ಅಮ್ಮಿಯ ಮೊಣಕೈ ಸಂದಿಗೆ ಹತ್ತಿ ಅಂಟಿಸಿತ್ತು.

ಆಪಾ ಎದ್ದರು. ಅಮ್ಮಿ ಏಳಲಿಲ್ಲ.

"ಬಂದ್ಯಾ ಪೊಲೀಸು" ಅಂದರು.

ಎಲ್ಲ ಆಪಾ ಹೇಳಿದರು. ಮೊದಲು ಆಪಾ ಟೆಸ್ಟ್ ಮಾಡಿಸಿಕೊಂಡಿದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ ಇರುವುದು ಆಗ ತಿಳಿದು ಡಾಕ್ಟರು ಬೇಡ ಅಂದಿದ್ದಾರೆ. ಆಮೇಲೆ ಅಮ್ಮಿ ಹಟ ಹಿಡಿದಿದ್ದಾರೆ. ಜೂನ್‌ನಿಂದ ನಡೆಯುತ್ತಿದೆ. ಸ್ಕ್ಯಾನಿಂಗ್‌ಗೆ ಹೊಟ್ಟೆ ತುಂಬ ನೀರು ಕುಡಿಯಬೇಕು, ಅದಕ್ಕೆ ಮೊದಲೂ ಚೆನ್ನಾಗಿ ಕುಡಿಯುತ್ತಿರಿ ಅಂದಿದ್ದರಂತೆ.

"ಮತ್ತೆ ಆ ಕ್ಯಾನು?" ಅಂದೆ.

ಅಮ್ಮಿ ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಅದರಲ್ಲಿ ನೀರಿರ್ಲಿಲ್ಲ ಕಣೇ. ಒಂದಿಡೀ ದಿನದ್ದು ಹಿಡಿದು ತನ್ನಿ ಅಂದಿದ್ರು ಇಲ್ಲಿ. ನನ್ನ... ಹೆಂಗೆ ಹೇಳ್ಲಿ ಸೊಸೆ ಹತ್ರ? ನೀನು ಮುಚ್ಚಳ ತೆಗೆದೇಬಿಡ್ತೀಯ ಅಂತ ಜೀವ ಬಾಯಿಗೆ ಬಂದಿತ್ತು."

ನನಗೆ ನಗು ಬಂತು. ತಡೆಯಲಾಗದ ನಗು. ಆಮೇಲೆ ಅದೇ ಅಳುವಾಯಿತು. ಆಪಾ ಕೂಡ ನಕ್ಕರು. ಅಮ್ಮಿ ನಗಲಿಲ್ಲ.

"ಮಾಫ್ ಮಾಡಿ ಅಮ್ಮಿ."

"ಮಾಡ್ತೀನಿ. ಈಗಲೇ ಅಲ್ಲ. ನನ್ನ ಮಗನನ್ನ ನಾನು ಕೊಲ್ತೀನಿ ಅಂದೆಯಲ್ಲ — ಅದು ಇನ್ನೂ ಇಲ್ಲೇ ಇದೆ." ಎದೆ ಮುಟ್ಟಿ ತೋರಿಸಿದರು.

"ನನಗಾದ್ರೂ ಹೇಳಬಹುದಿತ್ತು."

"ನಿನ್ನ ಮುಖದಲ್ಲಿ ಏನಿದ್ರೂ ಅವನಿಗೆ ಕಾಣುತ್ತೆ. ಅವನಿಗೆ ಗೊತ್ತಾದ್ರೆ ಒಪ್ತಾನಾ?"

ಕೆಳಗೆ ಇಳಿದು ಬಂದೆ. ಇವರು ನನ್ನ ಮುಖ ನೋಡಿದರು. "ಏನಾಯ್ತು?" ಅಂದರು, ಕೂಡಲೇ.

4 ಆಗಸ್ಟ್, ಭಾನುವಾರ

ಹೇಳಿಬಿಟ್ಟೆ. ಮುಚ್ಚಿಡಲು ಆಗಲಿಲ್ಲ.

ಇವರು ಅಂದದ್ದು ಹೀಗೆ: "ನೀನು ಅವರನ್ನ ಕಳ್ಳಿ ಅಂದೆ. ಆ ಅವಮಾನಕ್ಕೆ ಹೊಟ್ಟೆ ಕುಯ್ಯಿಸಿಕೊಳ್ಳೋಕೆ ಹೊರಟಿದಾರೆ."

"ಅದಕ್ಕೆ ಮುಂಚೇನೇ ಶುರುವಾಗಿತ್ತು ರೀ. ಆಪಾನ ಕೇಳಿ."

"ಇಲ್ಲಾ ನೀನೇ ಹೇಳಿಕೊಟ್ಟಿದೀಯ. ನಿಂದು ಗ್ರೂಪ್ ಸೇರಲ್ಲ, ತಪ್ಪಿಸ್ಕೊಂಡೆ. ಅಮ್ಮೀನ ಮುಂದೆ ತಳ್ಳಿದೆ."

ಒಂದೂವರೆ ತಿಂಗಳಿಂದ ನಾನು ಎಲ್ಲರನ್ನೂ ಹೀಗೇ ನೋಡಿದ್ದೇನೆ. ನೋಡಿಸಿಕೊಂಡಾಗ ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ.

6 ಆಗಸ್ಟ್, ಮಂಗಳವಾರ

ಇವರು, ಕಲಂದರ್ ಬೇಗ ಬಂದರು. ತೀರ ಬೇಗ. ಕಲಂದರ್ ಒಳಗೆ ಬಾರದೆ ಹೋದ. ಇವರ ಶೂ ಮೇಲೆ ಬೆಂಗಳೂರಿನ ಕೆಸರಿಲ್ಲ — ಅಲ್ಲಿ ನಿನ್ನೆಯಿಂದ ಮಳೆ ಅಂತ ಪೇಪರಿನಲ್ಲಿ ಇತ್ತು. ಕೈಯ ಬ್ಯಾಂಡೇಜು ಶುಕ್ರವಾರದ್ದೇ ಇರಬಹುದಾ?

"ತೂಕ ನೋಡೋಣ" ಅಂದೆ.

"ಸುಸ್ತು. ನಾಳೆ."

ನಂಬಲಾ? ಅನುಮಾನ ಪಟ್ಟು ಪಟ್ಟು ಮನೆ ಹಾಳು ಮಾಡಿದವಳು ನಾನು. ಈ ಸಲ ನಂಬುತ್ತೇನೆ.

10 ಆಗಸ್ಟ್, ಶನಿವಾರ. ಆಸ್ಪತ್ರೆ

ನಂಬಬಾರದಿತ್ತು.

ಮಂಗಳವಾರ ಇವರು ಚಿಕ್ಕಬಳ್ಳಾಪುರ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿ ಮಧ್ಯಾಹ್ನದವರೆಗೆ ಕೂತು ವಾಪಸ್ಸು ಬಂದಿದ್ದಾರೆ. ಕಲಂದರ್ ಕೈ ಮುಗಿದು ಬೇಡಿಕೊಂಡನಂತೆ. "ನನ್ನ ಹೆಂಡ್ತಿಗೆ ಹೇಳಿದ್ರೆ ಶೆಡ್ಡಿಗೆ ಬರಬೇಡ" ಅಂದರಂತೆ.

ಶುಕ್ರವಾರ ಬೆಳಿಗ್ಗೆ ಎಬ್ಬಿಸಿದರೆ ಕಾಲು ಏಳುತ್ತಿಲ್ಲ. "ಕಾಲು ನಂದಲ್ಲ ಅನ್ಸುತ್ತೆ" ಅಂದರು. ಉಸಿರು ಗೊರಗೊರ. ನಾಡಿ ಹಿಡಿದೆ — ಬಂತು... ನಿಂತಿತು... ಬಂತು. ಪೊಟ್ಯಾಸಿಯಂ. ಎಲೆ ಬಾಯಿ ತೆರೆಯುವುದಕ್ಕೂ ಮುಚ್ಚುವುದಕ್ಕೂ ಅದೇ ಬೇಕು ಅಂತ ಪಾಠ ಮಾಡುತ್ತೇನೆ. ಇವರ ರಕ್ತದಲ್ಲಿ ಅದು ಹೊರಗೆ ಹೋಗಲು ದಾರಿಯಿಲ್ಲದೆ ತುಂಬಿ ಎದೆಯನ್ನೇ ನಿಲ್ಲಿಸಲು ಹೊರಟಿತ್ತು.

ಪಕ್ಕದ ಬೀದಿಯ ಕೋನಪ್ಪನವರ ಟೊಮೇಟೊ ವ್ಯಾನು ಹೊರಟಿತ್ತು. ಕ್ರೇಟುಗಳನ್ನು ರಸ್ತೆಯಲ್ಲೇ ಇಳಿಸಿದರು. "ಹತ್ತಮ್ಮಾ, ಹಣ್ಣು ಕೊಳೀಲಿ ಬಿಡು" ಅಂದರು. ಹಿಂದೆ ತಾಡಪಾಲಿನ ಮೇಲೆ ಇವರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ನಂದಿ ಬೆಟ್ಟ ಬಲಕ್ಕೆ ಬಂದು ಹಿಂದೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಕಲಂದರ್ ಮುಂದಿನ ಸೀಟಿನಿಂದ ತಿರುಗಿ ತಿರುಗಿ ನೋಡುತ್ತಿದ್ದ.

ಇಂಜೆಕ್ಷನ್ ಕೊಟ್ಟು ಮಿಷನ್ನಿಗೆ ಹಾಕಿದರು. ಸಂಜೆಗೆ ನಾಡಿ ಸರಿಯಾಯಿತು.

ಅಮ್ಮಿ ಬಂದರು. ಆಪಾ ಜೊತೆ ಬೆಂಗಳೂರಲ್ಲೇ ಯಾರದೋ ಮನೆಯಲ್ಲಿ ಇದ್ದರಂತೆ. ಮಂಚದ ಪಕ್ಕ ನಿಂತರು, ಕೂರಲಿಲ್ಲ.

"ಸಾಯೋಕೆ ಹೊರಟಿದ್ಯಾ?"

ಇವರು ಕಣ್ಣು ಮುಚ್ಚಿಕೊಂಡರು. "ನಿಮ್ಮ ಹೊಟ್ಟೆ ಕುಯ್ಯಿಸಿ ನಾನು ಬದುಕಬೇಕಾ ಅಮ್ಮಿ?"

"ಡಾಕ್ಟರು ನಂಗೆ ಒಂದು ಮಾತು ಹೇಳಿದ್ರು. ಹೊಟ್ಟೇಲಿ ಇದ್ದಾಗ ಕೂಸಿನ ರಕ್ತದ ಕೊಳೆ ತಾಯಿ ರಕ್ತಕ್ಕೆ ಬರುತ್ತಂತೆ. ತಾಯಿ ಕಿಡ್ನಿನೇ ಅದನ್ನ ತೊಳೆದು ಹೊರಗೆ ಹಾಕುತ್ತಂತೆ. ಒಂಬತ್ತು ತಿಂಗಳು ನಿನ್ನ ಕೊಳೆ ನಾನು ತೊಳೆದಿದೀನಿ ಕಣೋ. ಆಗ ಬೇಡ ಅಂದ್ಯಾ ನೀನು?"

ನನ್ನ ಕಡೆ ತಿರುಗಿದರು. "ನಿಜಾನಾ? ಇಲ್ಲ ಮುದುಕಿಗೆ ಸುಮ್ನೆ ಹೇಳಿದ್ರಾ?"

ಮಾಸು, ತೆಳು ಪೊರೆ, ಈಚೆ ತಾಯಿಯ ರಕ್ತ, ಆಚೆ ಮಗುವಿನದು. ಒಂದಕ್ಕೊಂದು ಬೆರೆಯುವುದಿಲ್ಲ, ದಾಟಬೇಕಾದ್ದು ಮಾತ್ರ ದಾಟುತ್ತದೆ.

"ನಿಜ ಅಮ್ಮಿ" ಅಂದೆ.

"ಕೇಳಿಸ್ಕೋ. ಟೀಚರೇ ಹೇಳ್ತಿದಾಳೆ."

ಇವರ ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು. ಒರೆಸಲು ಕೈ ಎತ್ತುವ ಶಕ್ತಿ ಇರಲಿಲ್ಲ. ಅಮ್ಮಿ ಸೆರಗಿನಿಂದ ಒರೆಸಿದರು. "ಹೂಂ" ಅಂದರು ಇವರು. ಅಷ್ಟೇ. ಹೂಂ.

22 ಅಕ್ಟೋಬರ್, ಮಂಗಳವಾರ

ಎಷ್ಟೋ ದಿನದಿಂದ ಬರೆದಿಲ್ಲ. ಟೆಸ್ಟು, ಮತ್ತೆ ಟೆಸ್ಟು, ಅಮ್ಮಿಯ ಬಿಪಿ, ಇವರ ಹಲ್ಲು, ಯಾವುದೋ ಪೇಪರು. ಆಪರೇಷನ್ ಖರ್ಚಿಗೆ ನಮ್ಮ ಚಿಕ್ಕಬಳ್ಳಾಪುರದ ಸೈಟು ಹೋಯಿತು. ಹೋಗಲಿ.

ಅಮ್ಮಿ ಮನೆಗೆ ಬಂದಿದ್ದಾರೆ. ನನ್ನ ಕೈಯ ಊಟ ಮಾಡುತ್ತಾರೆ. ಮಾತು ಬೇಕಾದಷ್ಟೇ. ಸಿಟ್ಟು ಇಳಿದಿಲ್ಲ. ಇವತ್ತು ಹೂಜಿ ನಾನು ತುಂಬುವ ಮುಂಚೆ ತಾವೇ ತುಂಬಿಕೊಂಡರು.

ಇವರು ಟವೆಲು ಒಣಗಿದ್ದೇ ಸುತ್ತಿಕೊಂಡು ಶೆಡ್ಡಿಗೆ ಹೋಗುತ್ತಾರೆ. ಮುಟ್ಟಿ ನೋಡುತ್ತೇನೆ. ಮುಟ್ಟಿಸಿಕೊಳ್ಳುತ್ತಾರೆ.

14 ನವೆಂಬರ್, ಗುರುವಾರ

ಬೆಳಿಗ್ಗೆ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದರು. ಮೊದಲು ಅಮ್ಮಿ. ಸ್ಟ್ರೆಚರ್ ಮೇಲೆ ಎಷ್ಟು ಸಣ್ಣ ಕಂಡರು. ಬಳೆ ತೆಗೆದು ಆಪಾ ಕೈಗೆ ಕೊಡಲು ಹೋದವರು ನಿಂತು ನನ್ನ ಕೈಗೆ ಕೊಟ್ಟರು. ಯಾಕೆ ಅಂತ ಹೇಳಲಿಲ್ಲ.

ಒಂದು ಬಾಗಿಲು. ಎರಡು ಕೋಣೆ. ಕಾರಿಡಾರಿನಲ್ಲಿ ನಾನು, ಆಪಾ, ಕಲಂದರ್. ಯಾರು ಹೊರಗೆ ಬಂದರೂ ಮುಖ ಓದುತ್ತೇನೆ. ಒಬ್ಬ ಡಾಕ್ಟರು ನನ್ನನ್ನು ನೋಡಿ ನೋಟ ತಪ್ಪಿಸಿದರು. ಯಾಕೆ ತಪ್ಪಿಸಿದರು?

ಸಂಜೆ

ಡಾಕ್ಟರು ಹೊರಗೆ ಬಂದು ಮಾಸ್ಕ್ ಇಳಿಸಿದರು. "ಕೂಡಿಸಿ ಕ್ಲ್ಯಾಂಪ್ ತೆಗೆದ ಕೂಡಲೇ ಬೆಳ್ಳಗಿದ್ದ ಕಿಡ್ನಿ ಕೆಂಪಾಯ್ತು. ಟೇಬಲ್ ಮೇಲೇನೇ ಯೂರಿನ್ ಶುರುವಾಯ್ತು."

ಆಪಾ ಅಲ್ಲೇ ನೆಲದ ಮೇಲೆ ದುಪ್ಪಟ್ಟಾ ಹಾಸಿ ಹಣೆ ಊರಿ ಸಜ್ದಾ ಮಾಡಿದರು. ಕಲಂದರ್ ಗೋಡೆ ಕಡೆ ತಿರುಗಿ ನಿಂತ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. "ಅವತ್ತು ಅಂದಿದ್ದು ಮರೆತುಬಿಡು ಕಲಂದರ್" ಅಂದೆ. "ಯಾವತ್ತಕ್ಕಾ?" ಅಂದ.

"ಅಮ್ಮಿ?" ಅಂತ ಕೇಳಿದೆ.

"ಚೆನ್ನಾಗಿದಾರೆ." ಒಂದು ಕ್ಷಣ ತಡವಾಗಿ ಹೇಳಿದರು. ನಾನು ಆ ಕ್ಷಣವನ್ನು ಹಿಡಿದುಕೊಂಡು ಕೂತಿದ್ದೇನೆ.

17 ನವೆಂಬರ್, ಭಾನುವಾರ

ಅಮ್ಮಿಗೆ ಜ್ವರ ಬಂದಿತ್ತು. ತಡವಾದ ಆ ಕ್ಷಣಕ್ಕೆ ಕಾರಣ ಇದ್ದೇ ಇತ್ತು — ಆಪರೇಷನ್ನಿನಲ್ಲಿ ರಕ್ತ ಸ್ವಲ್ಪ ಜಾಸ್ತಿ ಹೋಗಿತ್ತಂತೆ, ಹೇಳಿರಲಿಲ್ಲ. ಇವತ್ತು ಜ್ವರ ಇಳಿದಿದೆ. ಗಂಜಿ ಕುಡಿದರು. ನಾನೇ ಕುಡಿಸಿದೆ. ಬೇಡ ಅನ್ನಲಿಲ್ಲ.

ಇವರು ಗಾಜಿನ ಕೋಣೆಯಲ್ಲಿ. ಸೋಂಕು ತಗುಲಬಾರದೆಂದು ಯಾರನ್ನೂ ಒಳಗೆ ಬಿಡುವುದಿಲ್ಲ. ನರ್ಸ್ ಶ್ಯಾಮಲಮ್ಮ ಹೇಳಿದರು: ಈಗ ಉಲ್ಟಾ, ಸಾಕಷ್ಟು ನೀರು ಕುಡಿಸಬೇಕಂತೆ. ಕೇಳಿ ಹೇಗೋ ಆಯಿತು.

20 ನವೆಂಬರ್, ಬುಧವಾರ, ಮಧ್ಯಾಹ್ನ

ಅಮ್ಮಿ ಬೆಳಿಗ್ಗೆಯಿಂದ ನನ್ನನ್ನು ಕೂರಲು ಬಿಟ್ಟಿಲ್ಲ. ಎಲ್ಲರ ಮೇಲೂ ಅನುಮಾನ.

"ನಿಜ ಹೇಳು. ಬದುಕಿದಾನಾ?"

"ಬದುಕಿದಾರೆ ಅಮ್ಮಿ. ನಾನು ಗಾಜಿನಿಂದ ನೋಡ್ಕೊಂಡು ಬಂದೆ."

"ನೀನು ಸುಳ್ಳು ಹೇಳ್ತೀಯ. ಅಲೀಪುರಕ್ಕೆ ಹೋಗಿ ಬಂದು ಅವನಿಗೆ ಸುಳ್ಳು ಹೇಳ್ಲಿಲ್ವಾ?"

"ಡಾಕ್ಟರನ್ನ ಕೇಳಿ."

"ಡಾಕ್ಟರು ಇನ್ನೂ ದೊಡ್ಡ ಸುಳ್ಳ. ನನ್ನ ರಕ್ತ ಹೋಗಿದ್ದು ನನಗೇ ಹೇಳ್ಲಿಲ್ಲ."

ಅದೂ ನಿಜವೇ.

ಈಗ ಸ್ವಲ್ಪ ಹೊತ್ತಿಗೆ ಮುಂಚೆ ಡ್ಯೂಟಿ ನರ್ಸ್ ಊಟಕ್ಕೆ ಹೋದಳು. ಅಮ್ಮಿ ಬಾಗಿಲ ಕಡೆ ನೋಡಿದರು. ನನ್ನ ಕಡೆ ನೋಡಿದರು. ಪಕ್ಕೆಗೆ ದಿಂಬು ಒತ್ತಿಕೊಂಡು, ಹಲ್ಲು ಕಚ್ಚಿ, ಮೆಲ್ಲಗೆ ಕಾಲು ಕೆಳಗಿಳಿಸಿದರು. ಇನ್ನೆರಡು ದಿನ ಏಳಬಾರದು ಅಂದಿದ್ದಾರೆ.

"ಅಮ್ಮಿ, ಬೈತಾರೆ."

"ಬೈಲಿ. ಕಣ್ಣಾರೆ ನೋಡ್ದೆ ನಾನು ಯಾರನ್ನೂ ನಂಬಲ್ಲ. ನೀನೂ ಹಂಗೇ ತಾನೇ?" ಕೈ ಚಾಚಿದ್ದಾರೆ, ನನ್ನ ಕಡೆಗೆ. "ಬರೆದಿದ್ದು ಸಾಕು. ಹಿಡ್ಕೊ ಬೇಟಿ. ಅವಳು ಬರೋದ್ರೊಳಗೆ —"

ಬೇಟಿ — ಮಗಳು — ಅಂದರು. ಹೋಗಿ ಬಂದು ಬರೆ —